ಮಣಿಕಟ್ಟಿನ ಪಂಕ್ತಿ

ನನ್ನ ಚಿಕ್ಕಪ್ಪನ ಲೆಕ್ಕದಲ್ಲಿ ನಾನು ಮನುಷ್ಯಳೇ ಅಲ್ಲ, ಮೂಳೆ! ಸುಳ್ಳಲ್ಲ. ನಾನು ಹತ್ತು ವರ್ಷದ ಹುಡುಗಿಯಾಗಿದ್ದಾಗ ಅವನು ನನ್ನನ್ನು ಕರೆಯುತ್ತಿದ್ದದ್ದೇ ‘ಸ್ಕೇಫಾಯ್ಡ್’ ಎಂದು. ಅದು ದೋಣಿಯ ಆಕಾರದ ಮೂಳೆಯಂತೆ. ನನಗ್ಯಾಕೆ ಆ ಪಟ್ಟ ಎಂದು ಕೇಳಿದರೆ, “ನಿನ್ನ ಕಿವಿ ಕನ್ನಡೀಲಿ ನೋಡ್ಕೊಂಡಿದ್ದೀಯಾ? ಒಂದಲ್ಲ, ಎರಡು ದೋಣಿ ಕಣೇ!” ಎನ್ನುತ್ತಿದ್ದ. ಆವತ್ತಿನಿಂದ ನಾನು ಕಿವಿ ಮುಚ್ಚುವ ಹಾಗೆಯೇ ತಲೆ ಬಾಚಿಕೊಳ್ಳುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ನಮ್ಮದು ಹಳೇಬೀಡಿನಲ್ಲಿ ಬಸದಿಗಳ ಹತ್ತಿರದ ಜೈನರ ಮನೆ. ಅಪ್ಪನ ಕೊನೆಯ ತಮ್ಮನಾದ ಈ ಚಿಕ್ಕಪ್ಪ ಮೈಸೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದ. ಓದುತ್ತಿದ್ದ ಅನ್ನುವುದಕ್ಕಿಂತ ಮೊದಲನೇ ವರ್ಷದಲ್ಲೇ ಠಿಕಾಣಿ ಹೂಡಿದ್ದ ಅನ್ನುವುದು ಸರಿ. ಅನಾಟಮಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. ಅವನ ತಲೆಗೆ ಯಾವ ಹೆಸರೂ ನೇರವಾಗಿ ಇಳಿಯುತ್ತಿರಲಿಲ್ಲ. ಕಣ್ಣಿಗೆ ಕಾಣುವ ಯಾವುದಕ್ಕಾದರೂ ಗಂಟು ಹಾಕಿದರೆ ಮಾತ್ರ ನಿಲ್ಲುತ್ತಿತ್ತು. ಅದಕ್ಕೇ ಊರು, ಬಸ್ಸು, ಬಂಧು ಬಳಗ ಎಲ್ಲವನ್ನೂ ಮನುಷ್ಯನ ದೇಹದೊಳಕ್ಕೆ ತುರುಕಿಬಿಟ್ಟಿದ್ದ.

ಒಂದು ಸಲ ಅರಸೀಕೆರೆಯಲ್ಲಿ ರೈಲಿಳಿದು ಬೇಲೂರು ಬಸ್ಸು ಹತ್ತಿದ್ದಾನೆ. ಜೀರ್ಣಾಂಗಗಳನ್ನು ಬಾಯಿಪಾಠ ಮಾಡುತ್ತಾ ಕೂತವನು ಜಾವಗಲ್ ಬಂದ ಕೂಡಲೇ “ಜಠರ!” ಎಂದು ಕೂಗಿದ. ಪಕ್ಕದಲ್ಲಿ ಕೂತಿದ್ದ ಬೇಲೂರಿನ ಯಜಮಾನರು ಬೆಚ್ಚಿಬಿದ್ದರು. ಅರಸೀಕೆರೆ ಅಂದರೆ ಬಾಯಿ, ಜಾವಗಲ್ ಅಂದರೆ ಜಠರ, ಹಳೇಬೀಡು ಅಂದರೆ ಸಣ್ಣ ಕರುಳು ಎಂದು ಇವನು ವಿವರಿಸಿದ. ಅವರಿಗೆ ಖುಷಿಯೋ ಖುಷಿ. “ಭಲೇ ಐತೆ ಕಣಪ್ಪ ನಿನ್ನ ವಿದ್ಯೆ! ಅಂಗಾರೆ ನಮ್ಮ ಬೇಲೂರು ಯಾವ್ದು?” ಎಂದರು. ಅದು ಕೊನೆಯ ಸ್ಟಾಪು ಎಂಬುದು ಚಿಕ್ಕಪ್ಪನಿಗೆ ಆಗ ಹೊಳೆಯಿತು! ಹಳೇಬೀಡು ಇನ್ನೂ ಒಂದು ಮೈಲಿ ಇರುವಾಗಲೇ ಇಳಿದು ನಡೆದುಕೊಂಡು ಬಂದ.

ಅವನ ಗೆಳೆಯರೆಲ್ಲ ನಿಜವಾದ ಮೂಳೆಗಳನ್ನು ಕೈಯಲ್ಲಿ ಹಿಡಿದು ಓದುತ್ತಿದ್ದರು. ಇವನೂ ಒಂದು ರಜೆಯಲ್ಲಿ ದಾರಕ್ಕೆ ಪೋಣಿಸಿದ ಕೈಮೂಳೆಗಳನ್ನು ಟವಲ್ಲಿನಲ್ಲಿ ಸುತ್ತಿ ತಂದ. ಇರುವೆ ಕಂಡರೆ ಕಾಲು ಎತ್ತಿಡುವ ಮನೆ ನಮ್ಮದು. ಗಂಟು ಬಿಚ್ಚಿದ ಮೇಲೆ ಕೇಳಬೇಕೆ? ಅಜ್ಜ ಇಡೀ ಮನೆ ತೊಳೆಸಿದರು. ಇವನನ್ನೂ ಬಾವಿಕಟ್ಟೆಯಲ್ಲಿ ನಿಲ್ಲಿಸಿ ಬಿಂದಿಗೆಗಟ್ಟಲೆ ನೀರು ಹೊಯ್ಸಿದರು. “ಸತ್ತೋರ ಮೂಳೆ ಈ ಹೊಸಲು ದಾಟಕೂಡ್ದು! ಓದೋದಿದ್ರೆ ಇರೋರ್ನ ನೋಡ್ಕೊಂಡು ಓದು!” ಎಂದು ಗುಡುಗಿದರು.

ಬಯ್ಗುಳವನ್ನೇ ಅಪ್ಪಣೆ ಎಂದು ತಿಳಿಯುವ ಮಹಾನುಭಾವನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅಂದೇ ಸಂಜೆಯಿಂದ ಅವನು ಇರುವವರನ್ನು ನೋಡಿಕೊಂಡು ಓದತೊಡಗಿದ.

ನಮ್ಮಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಆದ್ದರಿಂದ ಗಂಡಸರು, ಹೆಂಗಸರು ಎಂಬ ಭೇದವಿಲ್ಲದೆ ಎಂಟೂ ಜನ ಒಟ್ಟಿಗೇ ಕೂರುತ್ತಿದ್ದೆವು, ನಾಲ್ಕು ನಾಲ್ಕು ಜನರ ಎದುರು ಬದುರು ಸಾಲು. ಮನೆಯಲ್ಲಿದ್ದಾಗ ಬಡಿಸುವವನು ಚಿಕ್ಕಪ್ಪ. ಮಣಿಕಟ್ಟಿನಲ್ಲಿಯೂ ಎಂಟೇ ಮೂಳೆ, ನಾಲ್ಕು ನಾಲ್ಕರ ಎರಡು ಸಾಲು! ಇನ್ನೇನು ಬೇಕು ಅವನಿಗೆ? ಬಾಗಿಲ ಪಕ್ಕದ ಮಣೆಯಲ್ಲಿ ನಾನು, ದೋಣಿ. ಆಮೇಲೆ ಅಪ್ಪ. ಅವರ ಬೋಳುತಲೆ ಅರ್ಧಚಂದ್ರನಂತಿದ್ದದ್ದರಿಂದ ಲೂನೇಟ್. ಆಮೇಲೆ ಮನೆಯ ಮೂರು ಮೂಲೆಗೂ ಒಬ್ಬಳೇ ಓಡಾಡುತ್ತಿದ್ದ ಅಮ್ಮ, ಮೂರು ಮೂಲೆಯ ಟ್ರೈಕ್ವೆಟ್ರಲ್. ಕೊನೆಯಲ್ಲಿ ಅಡುಗೆಮನೆ ಹತ್ತಿರ ನಮ್ಮ ಪುಟಾಣಿ ಅಜ್ಜಿ, ಬಟಾಣಿ ಕಾಳಿನಷ್ಟಿರುವ ಪಿಸಿಫಾರ್ಮ್. ಎದುರು ಸಾಲಿನಲ್ಲಿ ಒಂದೇ ಅಚ್ಚಿನ ಇಬ್ಬರು ಅತ್ತೆಯರು, ಟ್ರೆಪೀಜಿಯಂ ಮತ್ತು ಟ್ರೆಪಿಜಾಯ್ಡ್. ಅವರ ಪಕ್ಕ ದಪ್ಪ ತಲೆಯ ದೊಡ್ಡಪ್ಪ, ಕ್ಯಾಪಿಟೇಟ್. ಕೊನೆಗೆ ಅಜ್ಜಿಯ ಎದುರಿಗೇ ಅಜ್ಜ, ಹೆಮೇಟ್, ಕೊಕ್ಕೆ ಇರುವ ಮೂಳೆ. ಎಲ್ಲರ ಮಾತಿಗೂ ಕೊಕ್ಕೆ ಹಾಕುವವರು ಅವರೇ ತಾನೇ! “ಲೂನೇಟ್‌ಗೆ ಇನ್ನೊಂದು ಸೌಟು ಸಾರು, ಹೆಮೇಟ್‌ಗೆ ಮಜ್ಜಿಗೆ” ಎಂದು ಹೇಳಿಕೊಂಡೇ ಬಡಿಸುತ್ತಿದ್ದ. ಅಜ್ಜ ಹಲ್ಲು ಕಡಿಯುತ್ತಿದ್ದರು.

ಹೆಮ್ಮೆಪಟ್ಟವರು ಅಜ್ಜಿ ಒಬ್ಬರೇ.

“ನಾನು ಅಷ್ಟು ಚಿಕ್ಕೋಳೇನೋ? ಆ ಮೂಳೆ ಇಲ್ದಿದ್ರೆ ಏನಾಗತ್ತೆ?”

“ಏನೂ ಆಗಲ್ಲಮ್ಮ. ಅದಿಲ್ದೇನೂ ಕೈ ಆಡತ್ತೆ.”

“ಸದ್ಯ! ಯಾರಿಗೂ ತೊಂದ್ರೆ ಇಲ್ವಲ್ಲ,” ಎಂದು ಅಜ್ಜಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು.

ಮೂರನೇ ಪರೀಕ್ಷೆ ಹತ್ತಿರ ಬಂತು. ಅಜ್ಜ ಕಡಾಖಂಡಿತವಾಗಿ ಹೇಳಿಬಿಟ್ಟಿದ್ದರು: “ಈ ಸಲಾನೂ ಹೋಯ್ತೋ, ಅರಸೀಕೆರೇಲಿ ಕೊಬ್ಬರಿ ಮಂಡಿಗೆ ಸೇರಿಸ್ತೀನಿ.” ಚಿಕ್ಕಪ್ಪ ಊಟ ನಿದ್ದೆ ಬಿಟ್ಟು ಓದಿದ. ಡಾಕ್ಟರಾಗುವುದೊಂದನ್ನು ಬಿಟ್ಟು ಅವನಿಗೆ ಈ ಪ್ರಪಂಚದಲ್ಲಿ ಬೇರೇನೂ ಬೇಕಾಗಿರಲಿಲ್ಲ. ಆ ರಜೆಯಲ್ಲೇ ಅಜ್ಜಿಗೆ ಜ್ವರ ಬಂತು. ಬೇಲೂರಿನಿಂದ ಡಾಕ್ಟರನ್ನು ಕರೆಸಿದರು, ಹಾಸನಕ್ಕೆ ಕರೆದೊಯ್ಯೋಣ ಎಂದರು. ಅಷ್ಟರಲ್ಲಿ ಅಜ್ಜಿ ಹೋಗಿಬಿಟ್ಟರು.

ಆಮೇಲೆ ನಮ್ಮ ಮನೆಯಲ್ಲಿ ಊಟ ಅನ್ನುವುದೊಂದು ಶಿಕ್ಷೆಯಾಯಿತು. ಅಜ್ಜ ತಟ್ಟೆಯ ಮುಂದೆ ಕೂರುವರು, ಎದುರಿಗೆ ಖಾಲಿ ನೆಲ ಕಾಣುವುದು, ಕೈ ತೊಳೆದು ಎದ್ದುಹೋಗುವರು. ಮೂರು ದಿನ ಹೀಗಾಯಿತು. ನಾಲ್ಕನೇ ದಿನ ಅಮ್ಮನಿಗೆ, “ಈ ಕಡೆ ಸರಿದು ಕೂತ್ಕೊಳಮ್ಮ,” ಎಂದರು. ಅಮ್ಮ ಅಜ್ಜಿಯ ಜಾಗಕ್ಕೆ ಬಂದಳು, ಅಪ್ಪ ಅಮ್ಮನ ಜಾಗಕ್ಕೆ, ನಾನು ಅಪ್ಪನ ಜಾಗಕ್ಕೆ. ಖಾಲಿ ಜಾಗ ಬಾಗಿಲ ಪಕ್ಕಕ್ಕೆ ಹೋಯಿತು. ಆವತ್ತು ಅಜ್ಜ ನಾಲ್ಕು ತುತ್ತು ತಿಂದರು. ಚಿಕ್ಕಪ್ಪ ಮೂಳೆಗಳ ಹೆಸರೆತ್ತದೆ ಅದೇ ಸಾಲಿಗೆ ಬಡಿಸುತ್ತಾ ಹದಿನೈದು ದಿನ ಕಳೆದು, ಪರೀಕ್ಷೆಗೆ ಹೋದ.

ವಾಪಸ್ಸು ಬಂದವನ ಮುಖ ನೋಡಿದರೆ ಏನೂ ಕೇಳಬೇಕಾಗಿರಲಿಲ್ಲ. ಆದರೂ ಅಜ್ಜ ಜಗಲಿಯಿಂದ, “ಏನಾಯ್ತು?” ಎಂದರು.

“ಹೋಯ್ತಪ್ಪ. ಮಣಿಕಟ್ಟಿನ ಮೂಳೇನೇ ಕೇಳಿದ್ರು. ಬಟಾಣಿಯಂಥದ್ದನ್ನ ಮುಟ್ಟಿ ಇದ್ಯಾವುದು ಅಂದ್ರು. ಕಣ್ಣು ಮುಚ್ಚಿದ್ರೆ ನಿಮ್ಮೆದುರಿಗೆ ಅತ್ತಿಗೆ ಕೂತಿದ್ರು. ಟ್ರೈಕ್ವೆಟ್ರಲ್ ಅಂದೆ. ಅದರ ಪಕ್ಕದ್ದು ಅಂದ್ರು. ಅಲ್ಲಿ ಅಣ್ಣ. ಲೂನೇಟ್ ಅಂದೆ. ಅದರ ಪಕ್ಕದ್ದಕ್ಕೆ ಇವಳ ಹೆಸರು ಹೇಳ್ದೆ. ಎಲ್ಲಾ ತಪ್ಪು. ಮೊದಲನೇದು ಯಾವುದು ಅಂದ್ರು. ಬಾಗಿಲ ಹತ್ರ ಯಾರೂ ಇರ್ಲಿಲ್ಲ. ‘ಯಾರೂ ಇಲ್ಲ ಸಾರ್’ ಅಂದ್ಬಿಟ್ಟೆ.”

ದೊಡ್ಡಪ್ಪನಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ಮಂಕೇ, ಪಿಸಿಫಾರ್ಮ್ ಅನ್ನೋ ಒಂದು ಹೆಸರು ನನಗೇ ಬಾಯಿಗೆ ಬಂದಿದೆ, ನಿನಗೆ ಬರ್ಲಿಲ್ವೇನೋ?”

“ಬರ್ಲಿಲ್ಲ ಅಣ್ಣ. ಎಷ್ಟು ಹುಡುಕಿದ್ರೂ ಅಮ್ಮ ಎಲ್ಲೂ ಕೂತಿರ್ಲಿಲ್ಲ.”

ದೊಡ್ಡಪ್ಪನ ನಗು ನಿಂತುಹೋಯಿತು. ಅಜ್ಜ ಮಂಡಿಯ ಮಾತೆತ್ತಲಿಲ್ಲ. ಎದ್ದು ಒಳಗೆ ಹೋದರು. ಚಿಕ್ಕಪ್ಪ ಟ್ರಂಕಿನ ಮೇಲೆ ತಲೆ ಬಗ್ಗಿಸಿ ಕೂತ. ಮಾರನೆಯ ದಿನವೇ ಅರಸೀಕೆರೆಗೆ ಹೊರಡಿಸುತ್ತಾರೆ ಎಂದು ನಾವೆಲ್ಲ ತಿಳಿದಿದ್ದೆವು.

ಸಂಜೆ ಊಟಕ್ಕೆ ಕೂತಾಗ ಅಜ್ಜ ನಿಂತೇ ಇದ್ದರು.

“ಎಲ್ಲಾ ಏಳ್ರಿ. ಮೊದ್ಲು ಎಲ್ಲೆಲ್ಲಿ ಕೂರ್ತಿದ್ರೋ ಅಲ್ಲಲ್ಲೇ ಕೂತ್ಕೊಳಿ.”

ಅಮ್ಮ ಗಾಬರಿಯಾದಳು. “ಮಾವ, ನಿಮ್ಮೆದುರಿಗೆ ಮತ್ತೆ ಖಾಲಿ...”

“ಇರ್ಲಿ. ಇವನು ಪಾಸಾಗೋವರ್ಗೂ ಇರ್ಲಿ.”

ಸರಿದು ಕೂತೆವು. ಅಜ್ಜ ತಾವೇ ಅಜ್ಜಿಯ ಮಣೆಯನ್ನು ತಂದು ಎದುರಿಗೆ ಹಾಕಿದರು. ಚಿಕ್ಕಪ್ಪ ಸೌಟು ಹಿಡಿದು ಬಾಗಿಲ ಕಡೆಯಿಂದ ಒಬ್ಬೊಬ್ಬರಿಗೇ ಬಡಿಸುತ್ತಾ ಬಂದವನು ಆ ಮಣೆಯ ಮುಂದೆ ನಿಂತುಬಿಟ್ಟ.

“ಹೇಳೋ,” ಎಂದರು ಅಜ್ಜ.

“ಪಿಸಿಫಾರ್ಮ್,” ಎಂದ. ಸೌಟಿಗಷ್ಟೇ ಕೇಳುವಂತಿತ್ತು.

“ಗಟ್ಟಿಯಾಗಿ ಹೇಳು.”

ಅವನು ಗಟ್ಟಿಯಾಗಿ ಹೇಳಿ, ಸೌಟು ಹಿಡಿದುಕೊಂಡೇ ಗೊಳೋ ಎಂದು ಅತ್ತ. ನಾವೂ ಅತ್ತೆವು. ಹೊತ್ತು ಮುಳುಗುತ್ತಿದೆ, ಬೇಗ ಉಣ್ಣಿ ಎಂದು ಅಜ್ಜ ಗದರಿದರು. ಗದರಿ, ಆ ಖಾಲಿ ಮಣೆಯನ್ನು ನೋಡುತ್ತಲೇ ತಟ್ಟೆಯಲ್ಲಿದ್ದದ್ದನ್ನು ಒಂದಗುಳು ಬಿಡದೆ ಉಂಡರು. ಮುಂದಿನ ಆರು ತಿಂಗಳು ದಿನಾ ಹಾಗೆಯೇ ಉಂಡರು. ಚಿಕ್ಕಪ್ಪ ರಜೆಗೆ ಬಂದಾಗಲೆಲ್ಲ ಅದೇ ಪಾಠ ನಡೆಯಿತು.

ನಾಲ್ಕನೇ ಸಲ ಚಿಕ್ಕಪ್ಪ ಪಾಸಾದ. ತಂತಿ ಬಂದ ಸಂಜೆ ಅಮ್ಮ ಪಾಯಸ ಮಾಡಿದಳು. ಬಡಿಸುವ ಮುಂಚೆ ಮೆಲ್ಲಗೆ ಕೇಳಿದಳು, “ಮಾವ, ಇನ್ನು ಮೂಳೆ ಪರೀಕ್ಷೆ ಇಲ್ವಲ್ಲ. ಈ ಕಡೆ ಸರಿದು ಕೂತ್ಕೊಳ್ಳಲಾ?”

“ಬೇಡಮ್ಮ, ಹಾಗೇ ಇರ್ಲಿ,” ಎಂದರು ಅಜ್ಜ. “ಜಾಗ ಬದಲಾಯ್ಸಿದ್ರೆ ಮರ್ತೋಗತ್ತೆ.”

ಯಾರಿಗೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.