ಠಾಣೆಯಲ್ಲಿ ನಿಂತ ಮಾವನ ಸ್ಕೂಟರು

ನಮ್ಮ ಸೋದರಮಾವನನ್ನು ಸೋಮಾರಿ ಎಂದವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಜಂಗಮಕೋಟೆಯಲ್ಲಿ ರೇಷ್ಮೆ ಸಾಕುವವರಲ್ಲಿ ಅವರಷ್ಟು ಚುರುಕು ಇನ್ನೊಬ್ಬರಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟಲು ಅಣಿಯಾಯಿತೆಂದರೆ ಉಣ್ಣುವ ತಟ್ಟೆ ಬಿಟ್ಟೆದ್ದು, ಒಂದೊಂದನ್ನೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುತ್ತಾರೆ. ತಡವಾದರೆ ನೂಲೆಲ್ಲ ಸೊಪ್ಪಿನ ಪಾಲು! ಹುಳಕ್ಕೆ ಸಂಬಂಧಿಸದ ವಿಷಯಗಳಲ್ಲಿ ಮಾತ್ರ ಮಾವನಿಗೆ ಯುಗವೂ ಕ್ಷಣವೂ ಒಂದೇ.

ಅವರ ಸ್ಕೂಟರು ಶಿಡ್ಲಘಟ್ಟದ ಪೇಟೆಯಲ್ಲಿ ಕಳುವಾಗಿ, ಎಂಟೇ ದಿನಕ್ಕೆ ಚಿಂತಾಮಣಿ ರಸ್ತೆಯಲ್ಲಿ ಕಳ್ಳನ ಸಮೇತ ಸಿಕ್ಕಿತು. ಪೊಲೀಸರು ಅದನ್ನು ಠಾಣೆಯ ಅಂಗಳದಲ್ಲಿ ನಿಲ್ಲಿಸಿದರು. ಕೇಸು ಮುಗಿಯುವ ತನಕ ಕಾಯಬೇಕಿಲ್ಲ. ಕೋರ್ಟಿಗೆ ಅರ್ಜಿ ಹಾಕಿ, ಬಾಂಡು ಬರೆದುಕೊಟ್ಟರೆ ಗಾಡಿ ಮನೆಗೆ ಬರುತ್ತದೆ. ನಾನು ಕೋರ್ಟಿನ ಎದುರು ಅರ್ಜಿ ಟೈಪು ಮಾಡಿಯೇ ಹೊಟ್ಟೆ ಹೊರೆಯುವವನು. ವಕೀಲರನ್ನು ಕೇಳಿ ಅವತ್ತೇ ಟೈಪು ಮಾಡಿದೆ. ಬಾಕಿ ಇದ್ದದ್ದು ಮಾವನ ಸಹಿ.

"ಹುಳ ನಾಲ್ಕನೇ ಜ್ವರದಲ್ಲಿ ಅವೆ ಕಣಪ್ಪ. ಈ ಬೆಳೆ ಮುಗೀಲಿ."

ಗಾಬರಿಯಾಗಬೇಡಿ, ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಒಂದು ಬೆಳೆಗೆ ನಾಲ್ಕು ಜ್ವರ, ಹೆಚ್ಚುಕಡಿಮೆ ಒಂದು ತಿಂಗಳು. ಬೆಳೆ ಮುಗಿಯುತ್ತಲೇ ಮುಂದಿನ ಬೆಳೆಯ ಮರಿ ಬಂತು. ನಾನು ಅರ್ಜಿಯಲ್ಲಿ ತಿಂಗಳು ತಿದ್ದುತ್ತಾ ಹೋದೆ.

ಕಷ್ಟವಾದದ್ದು ಅತ್ತೆಗೆ. ಮಂಡಿನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾಗದು, ಕಾರು ಹತ್ತಿದರೆ ವಾಂತಿ. ನಂದಿಯಲ್ಲಿ ಹಾಸಿಗೆ ಹಿಡಿದಿರುವ ಅಕ್ಕನನ್ನು ನೋಡಲು ಪ್ರತಿ ಶನಿವಾರ ಅವರು ಹೋಗುತ್ತಿದ್ದದ್ದು ಆ ಸ್ಕೂಟರಿನ ಹಿಂದೆ ಕೂತೇ.

"ಮಾವ, ಗಾಡಿ ಮಳೇಲಿ ನೆನೀತೈತೆ."

"ಪೊಲೀಸ್ನೋರ ಕಣ್ಮುಂದೇನೇ ಐತಲ್ಲ! ಇನ್ಯಾವ ಕಳ್ಳ ಬರ್ತಾನೋ?"

ಹಾಗೆಂದು ಗಾಡಿಯ ಮೇಲೆ ಪ್ರೀತಿಯಿಲ್ಲವೇ? ಶಿಡ್ಲಘಟ್ಟಕ್ಕೆ ಗೂಡು ಮಾರಲು ಬಂದಾಗಲೆಲ್ಲ, ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡುವಂತೆ, ಠಾಣೆಗೆ ಹೋಗಿ ಟವೆಲಿನಿಂದ ಒರೆಸಿ ಬರುತ್ತಿದ್ದರು. ಸೀಟಿನ ಸ್ಪಂಜನ್ನು ಇಲಿ ತಿಂದಿತ್ತು. ತೆಂಗಿನ ಗರಿ ಬಿದ್ದು ಕನ್ನಡಿ ಒಡೆದಿತ್ತು. "ಹಿಂದೆ ನೋಡ್ಕೊಂಡು ಓಡ್ಸೋ ವಯಸ್ಸಾ ನಂದು?" ಎಂದರು ಮಾವ.

"ಯಜಮಾನ್ರೇ, ಒಂದರ್ಜಿ ಹಾಕ್ಬಾರ್ದಾ? ನಮಗೂ ಜಾಗ ಆಗ್ತದೆ," ಎಂದು ಕಾನ್‌ಸ್ಟೆಬಲ್ ಬೇಡಿಕೊಂಡರಂತೆ. ಮಾವ ಅವರಿಗೆ ಟೀ ಕುಡಿಸಿ ಬಂದರು.

ಐದನೇ ಬೆಳೆಯ ಹುಳ ಹಣ್ಣಾದ ದಿನ ಅರ್ಜಿ ಹಿಡಿದು ಮತ್ತೆ ಹೋದೆ. ಮಾವ ಚಂದ್ರಿಕೆ ಹೊತ್ತು ಓಡಾಡುತ್ತಿದ್ದರು. ಅತ್ತೆ ಮಂಡಿಗೆ ಎಣ್ಣೆ ಹಚ್ಚುತ್ತಾ, ತಲೆಯೆತ್ತದೆ ಕೇಳಿದರು:

"ಹಣ್ಣಾದ ಹುಳ ಒಂದು ಹೊತ್ತೂ ಕಾಯಲ್ಲ ಅಂತೀರ. ನಮ್ಮಕ್ಕ ಇನ್ನೆಷ್ಟು ಬೆಳೆ ಕಾಯ್ಬೇಕು?"

ಮಾವ ನಿಂತುಬಿಟ್ಟರು. ಚಂದ್ರಿಕೆ ಕೆಳಗಿಟ್ಟು, ಸಹಿ ಹಾಕಿ, ಅಂಗಿ ತೊಟ್ಟು, "ನಡಿಯೋ" ಎಂದರು.

"ಇಷ್ಟು ದಿನ ಎಲ್ಲಿದ್ರಿ?" ಎಂದರು ನ್ಯಾಯಾಧೀಶರು.

"ಬೆಳೆ ಇತ್ತು ಸ್ವಾಮಿ."

ವಾರದಲ್ಲಿ ಆದೇಶವಾಯಿತು. ಐದು ತಿಂಗಳು ನಿಂತ ಗಾಡಿ ಮಾತ್ರ ಯಾರ ಆದೇಶಕ್ಕೂ ಜಗ್ಗಲಿಲ್ಲ. ಎಂಜಿನ್ ಹಿಡಿದುಕೊಂಡಿತ್ತು. ಬಿಚ್ಚಿ ಕಟ್ಟಲು ಮೆಕ್ಯಾನಿಕ್ಕಿಗೆ ಮೂರು ವಾರ ಬೇಕಾಯಿತು. "ತಡ ಮಾಡ್ಬಿಟ್ಟೆ ಕಣೇ," ಎಂದರು ಮಾವ, ಅತ್ತೆಗೆ. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಗಾಡಿ ಸರಿಯಾದ ಶನಿವಾರವೇ ಮುಂದಿನ ಬೆಳೆಯ ಹುಳವೂ ಹಣ್ಣಾಗಬೇಕೇ! ನನ್ನನ್ನೂ ಪಕ್ಕದ ಮನೆಯವರನ್ನೂ ಚಂದ್ರಿಕೆಗಳ ಮುಂದೆ ಕೂರಿಸಿ ಮಾವ ಅತ್ತೆಯನ್ನು ಕರೆದುಕೊಂಡು ನಂದಿಗೆ ಹೋದರು. ಅಕ್ಕ ತಂಗಿಯ ಕೈ ಹಿಡಿದವರು ಬಿಡಲೇ ಇಲ್ಲವಂತೆ. ಮಾವ ಬಾಗಿಲ ಬಳಿ ಕೂತಿದ್ದರಂತೆ, ಸಂಜೆಯವರೆಗೂ. ಒಂದು ಸಲವೂ ಹೊರಡೋಣ ಎನ್ನಲಿಲ್ಲವಂತೆ.