ತಲೆ ಬಗ್ಗಿಸಿದ ಕ್ರಿಮ್ಸನ್ ಗ್ಲೋರಿ

ಬೆಳಗ್ಗೆ ಎದ್ದು ನೋಡಿದರೆ ವೇಣುಗೋಪಾಲನ ಗಿಡದಲ್ಲಿ ಮೊದಲ ಸಲ ಅರಳಿದ ಗುಲಾಬಿ, ಫೇಲಾಗಿ ಮನೆಗೆ ಬಂದ ಹುಡುಗನ ಹಾಗೆ ತಲೆ ಬಗ್ಗಿಸಿ ನಿಂತಿತ್ತು. ಇವತ್ತೇ ಚಿಕ್ಕಬಳ್ಳಾಪುರದಲ್ಲಿ ಫಲಪುಷ್ಪ ಪ್ರದರ್ಶನ! ಬಹುಮಾನ ಬರದಿದ್ದರೆ ಗಿಡ ಕಿತ್ತು ಆ ಜಾಗಕ್ಕೆ ವಾಷಿಂಗ್ ಮೆಷಿನ್ ಎಂದು ಹೆಂಡತಿ ಶೋಭಾರಾಣಿ ತೀರ್ಪು ಕೊಟ್ಟಾಗಿತ್ತು.

ಗಿಡವೇನು ಸಾಮಾನ್ಯದ್ದೇ? ಕ್ರಿಮ್ಸನ್ ಗ್ಲೋರಿ! ಸುಮಾರು ತೊಂಬತ್ತು ವರ್ಷದ ಹಿಂದೆ ಜರ್ಮನಿಯಲ್ಲಿ ಹುಟ್ಟಿದ ತಳಿ. ಮಖಮಲ್ಲಿನಂಥ ಕಡುಗೆಂಪು ದಳ, ಬೀದಿಯ ತುದಿ ಮುಟ್ಟುವ ಘಮ. ಗೌರಿಬಿದನೂರಿನಲ್ಲಿ ತನ್ನೊಬ್ಬನ ಹತ್ತಿರವೇ ಇರೋದು ಅಂತ ಅವನಿಗೆ ಬಲು ಜಂಬ.

ಪಕ್ಕದ ಮನೆ ಕೋನಪ್ಪ ಕಾಂಪೌಂಡ್ ಮೇಲಿಂದ ಇಣುಕಿದ. "ಸಾರ್, ಇದರ ಕತ್ತೇ ಬಿದ್ದೋಗಿದೆ ಕಣ್ರೀ. ಕಟ್ಟು ಹಾಕಣ ಇರಿ!" ಬೇಡ ಅನ್ನುವಷ್ಟರಲ್ಲಿ ತೆಂಗಿನ ಪೊರಕೆ ಕಡ್ಡಿ ತಂದು, ಆನಿಸಿ, ದಾರ ಸುತ್ತಿಯೇಬಿಟ್ಟ. ಎದುರುಮನೆ ಪೆದ್ದಮ್ಮ ಓಡಿಬಂದು, "ಅಯ್ಯೋ ದೇವುಡಾ, ದಿಷ್ಟಿ ಆಗೈತೆ ನಾಯನಾ!" ಅಂತ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಆ ಘಾಟಿಗೆ ವೇಣುಗೋಪಾಲ ಕೆಮ್ಮಿ ಕೆಮ್ಮಿ ಸುಸ್ತಾದ.

ಹೂವನ್ನು ಕಟ್ಟಿನ ಸಮೇತ ಕೊಯ್ದು, ಬಸ್ಸಿನಲ್ಲಿ ಎರಡೂ ಕೈಲಿ ಎತ್ತಿ ಹಿಡಿದು ನಿಂತ. ಮಂಚೇನಹಳ್ಳಿಯಲ್ಲಿ ಹತ್ತಿದ ಅಜ್ಜಿಯೊಬ್ಬಳು "ಯಾವ ದೇವರಿಗೆ ಸ್ವಾಮಿ?" ಅಂತ ಕೈ ಮುಗಿದಳು. ಅವಳನ್ನು ನೋಡಿ ಅರ್ಧ ಬಸ್ಸೇ ಕೈ ಮುಗಿಯಿತು. ಕಂಬಿ ಹಿಡಿಯಲು ಕೈ ಇಲ್ಲದೆ ಅವನು ತಿರುವು ಬಂದಾಗಲೆಲ್ಲ ಕಂಡಕ್ಟರ್ ಮೇಲೆ ಬೀಳುತ್ತಿದ್ದ.

ಪ್ರದರ್ಶನದ ತೀರ್ಪುಗಾರ್ತಿ ಜ್ಯೋತಿಲಕ್ಷ್ಮಿ ಮೇಡಂ ಹುಬ್ಬು ಗಂಟಿಕ್ಕಿದರು. "ಇದು ಕ್ರಿಮ್ಸನ್ ಗ್ಲೋರಿನಾ? ಸೆಟೆದು ನಿಂತಿದ್ಯಲ್ಲ!" ಅನುಮಾನದಿಂದ ದಾರ ಬಿಚ್ಚಿದರು. ಹೂವು ಪಟ್ಟನೆ ತಲೆ ಬಗ್ಗಿಸಿತು. ಮುಗೀತು ಕತೆ ಅಂತ ವೇಣುಗೋಪಾಲ ಕಣ್ಣು ಮುಚ್ಚಿಕೊಂಡ.

"ಅಬ್ಬಾ, ಅಸಲಿ!" ಮೇಡಂ ಕೂಗಿದರು. "ಈ ತಳಿಗೆ ಕತ್ತು ಸಣ್ಣದು ಕಣಪ್ಪ, ಹೂವಿನ ಭಾರಕ್ಕೆ ಬಗ್ಗಲೇಬೇಕು. ಇದನ್ನ ನೋಡಿ ಎಷ್ಟು ವರ್ಷ ಆಗಿತ್ತು! ಮೊದಲ ಬಹುಮಾನ!"

ಗಿಡ ಉಳಿಯಿತು! ಕುಣಿದಾಡುವಂತಾಯಿತು ಅವನಿಗೆ. ಬಹುಮಾನದ ಕಪ್ಪಿನ ಜೊತೆ ಫೋಟೋ ತೆಗೆಸಿಕೊಂಡು, "ಇಂಥ ಗಿಡ ತಾಲ್ಲೂಕಿನಲ್ಲೇ ಇನ್ನೊಂದಿಲ್ಲ" ಅಂತ ಬೀದಿಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ.

ಸಂಜೆ ಬೀದಿಗೆ ಕಾಲಿಟ್ಟರೆ ಎದುರಾದವರೆಲ್ಲ ನಗುನಗುತ್ತಾ ಕೈ ಕುಲುಕಿದರು. ಗೇಟು ತೆಗೆದು ನೋಡುತ್ತಾನೆ, ಗಿಡವಿದ್ದ ಕಡೆ ಬರೀ ಗುಂಡಿ.

"ಏನ್ರೀ ಜನ!" ಶೋಭಾರಾಣಿಯ ಮುಖ ಹಿಗ್ಗಿನಿಂದ ಅರಳಿತ್ತು. "ಫೋಟೋ ನೋಡಿದ್ದೇ ತಡ, ನೆಡೋಕೆ ಒಂದು ಕಡ್ಡಿ ಕೊಡಿ ಅಂತ ಕ್ಯೂ! ಬಾಯ್ಬಿಟ್ಟು ಕೇಳಿದೋರಿಗೆ ಇಲ್ಲ ಅನ್ನೋಕಾಗುತ್ತಾ?"

"ಬುಡ ಎಲ್ಲೇ?"

"ಪೆದ್ದಮ್ಮ ಕೊನೇಲಿ ಬಂದ್ರು, ಅಷ್ಟೊತ್ತಿಗೆ ಕಡ್ಡಿ ಎಲ್ಲಾ ಖಾಲಿ. ಪಾಪ, ಬರಿಗೈಲಿ ಹೆಂಗ್ರೀ ಕಳಿಸೋದು? ಬೇರು ಸಮೇತ ಕಿತ್ಕೊಟ್ಟೆ."

ವೇಣುಗೋಪಾಲ ಕಪ್ಪು ಹಿಡಿದುಕೊಂಡು ಅಲ್ಲೇ ಕುಸಿದು ಕೂತ.

"ಅಯ್ಯೋ, ಅದಕ್ಯಾಕೆ ಹಂಗೆ ಕೂತ್ರಿ?" ಎಂದಳು ಶೋಭಾರಾಣಿ. "ನಾಳೆ ಹೋಗಿ ನೀವೂ ಒಂದು ಕಡ್ಡಿ ಕೇಳ್ಕೊಂಡ್ ಬನ್ನಿ. ಯಾರೂ ಇಲ್ಲ ಅನ್ನಲ್ಲ."