ನಾಲ್ಕು ಗಂಟೆಯ ಮಳೆ

ಉಪ್ಪಾರಹಳ್ಳಿಯಲ್ಲಿ ದಿನಾ ಸಂಜೆ ನಾಲ್ಕಕ್ಕೆ ಸರಿಯಾಗಿ ಮಳೆ ಬರುತ್ತದೆ ಎಂದರೆ ತುಮಕೂರಿನವರು ಯಾರೂ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ. ಅದು ಬರುವುದು ಥರ್ಟಿ-ಫಾರ್ಟಿಯ ಒಂದೇ ಒಂದು ಸೈಟಿನ ಮೇಲೆ. ತರಿಸುವವರು ನನ್ನ ಸೋದರಮಾವ! ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿ ನಿವೃತ್ತರಾದ ಮೇಲೆ, ಉಳಿದವರೆಲ್ಲ ವಾಕಿಂಗು, ಭಜನೆ ಎಂದು ಮರ್ಯಾದೆಯಾಗಿರುವ ವಯಸ್ಸಿನಲ್ಲಿ, ಇವರು ಮನೆಯ ಪಕ್ಕದ ಸೈಟಿನಲ್ಲಿ ಮಳೆಕಾಡು ಬೆಳೆಸಲು ಹೊರಟರು. ಅದನ್ನು ಕಡಿಸುವ ಘನಕಾರ್ಯ ಮೊನ್ನೆ ನನ್ನ ತಲೆಗೆ ಬಂತು.

ಕಾಡೆಂದರೆ ಗಿಡ ನೆಟ್ಟು ಸುಮ್ಮನಿರುವುದಲ್ಲವಂತೆ. ಎಲೆ ಬಿದ್ದು ಕೊಳೆಯಬೇಕು, ಗೆದ್ದಲು ಪುಡಿ ಮಾಡಬೇಕು, ಅಣಬೆಯ ಬಿಳಿ ಎಳೆಗಳು ಅದನ್ನು ಕರಗಿಸಿ ಬೇರಿಗೆ ಒಪ್ಪಿಸಬೇಕು, ಬೇರು ಕುಡಿದ ನೀರನ್ನು ಎಲೆಗಳು ಆವಿ ಮಾಡಿ ಬಿಡಬೇಕು, ಅದೇ ಮೋಡವಾಗಿ ಮತ್ತೆ ಸುರಿಯಬೇಕು. "ಮೇಸ್ತ್ರಿ ಇಲ್ದಂಗೆ ಎಲ್ಲಾ ಅವರವರ ಕೆಲ್ಸ ಮಾಡ್ತಾವೆ ಕಣೋ" ಎನ್ನುತ್ತಿದ್ದರು, ಸರ್ಕಾರಿ ಗುಮಾಸ್ತನಾದ ನನ್ನ ಮುಖವನ್ನೇ ನೋಡುತ್ತಾ.

ಬೀದಿಯವರು ಬಾಗಿಲು ಗುಡಿಸಿ ರಾಶಿ ಹಾಕಿದ ಎಲೆಗಳನ್ನೆಲ್ಲ ಮಾವ ಗೋಣಿಚೀಲಕ್ಕೆ ತುಂಬಿ ಮೊಪೆಡ್ಡಿನಲ್ಲಿ ತರುತ್ತಿದ್ದರು. ಯಾರಾದರೂ ಎಲೆಗೆ ಬೆಂಕಿ ಹಚ್ಚಿದರೆ ಬಿಂದಿಗೆ ಹಿಡಿದು ಓಡುತ್ತಿದ್ದರು. ಬೀದಿಗೆ ಅನುಕೂಲವೇ ಆಯಿತು ಬಿಡಿ. ಕಸದ ಗಾಡಿ ಬರದ ದಿನ ಎಲ್ಲರೂ ಮಾವನನ್ನೇ ಕರೆಯತೊಡಗಿದರು.

ಇನ್ನು ಅಣಬೆ. ನಿಟ್ಟೂರಿನ ಹಳೇ ಆಲದ ಮರದ ಬುಡದ, ಅಣಬೆಯ ಎಳೆ ಹಬ್ಬಿದ ಕಪ್ಪು ಮಣ್ಣನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ತಂದು ಇಟ್ಟದ್ದೆಲ್ಲಿ? ಅಡುಗೆಮನೆಯಲ್ಲಿ! ಅಣ್ಣನ ಮನೆಗೆಂದು ಬಂದಿದ್ದ ನಮ್ಮಮ್ಮ ಅದನ್ನು ಹುಚ್ಚೆಳ್ಳು ಚಟ್ನಿಪುಡಿ ಎಂದುಕೊಂಡು, ಬಿಸಿ ಅನ್ನಕ್ಕೆ ಎರಡು ಚಮಚ ಹಾಕಿ, ತುಪ್ಪ ಬಿಟ್ಟು ಕಲಸಿದರು. ಮೊದಲ ತುತ್ತಿಗೇ ಹಲ್ಲು ಕರಕರ ಎಂದಿತು. ಮಾವ ಓಡಿ ಬಂದು ತಟ್ಟೆಗೆ ಬಗ್ಗಿ, ಬಿಸಿ ಅನ್ನಕ್ಕೆ ಅಣಬೆ ಸತ್ತುಹೋಯಿತೆಂದು ಮರುಗಿದರು. ಅಮ್ಮ ಮೂರು ತಿಂಗಳು ಮಾತು ಬಿಟ್ಟರು. ಅದು ಮಾವನಿಗೆ ಗೊತ್ತಾದದ್ದು ನಾಲ್ಕನೇ ತಿಂಗಳಿನಲ್ಲಿ.

ಅಂತೂ ಅತ್ತಿ, ನೇರಳೆ, ಹೊಂಗೆ ಎತ್ತರಕ್ಕೆ ಬೆಳೆದವು. ಅತ್ತಿಹಣ್ಣು ತಿಂದ ಹಕ್ಕಿಗಳು ಎದುರುಮನೆಯ ಹೊಸ ಕಾರಿನ ಮೇಲೆ ಬಿತ್ತನೆ ಮಾಡಿದವು. ಮಾವ ಚಮಚದಲ್ಲಿ ಕೆರೆದು ತಂದು ಮತ್ತೆ ನೆಟ್ಟರು. ಗೆದ್ದಲು, ಜೇಡ, ಕಪ್ಪೆ ಎಲ್ಲವೂ ಡ್ಯೂಟಿಗೆ ಹಾಜರಾದವು. ಮೋಡ ಮಾತ್ರ ಬರಲಿಲ್ಲ. ಆಗುಂಬೆ ಕಡೆಯಿಂದ ಮದುವೆಯಾಗಿ ಬಂದ ನಮ್ಮತ್ತೆ, ನಿಮ್ಮೂರಲ್ಲಿ ಮಳೆ ಬರುವುದು ಪೇಪರಿನಲ್ಲಿ ಮಾತ್ರ ಎಂದು ನಲವತ್ತು ವರ್ಷ ಹಂಗಿಸಿದ್ದರು. ಮೋಡದ ಆ ಖಾಲಿ ಹುದ್ದೆಯನ್ನು ಮಾವನೇ ವಹಿಸಿಕೊಂಡು, ತಾರಸಿಯಿಂದ ಪೈಪೆಳೆದು ಮರಗಳ ಮೇಲೆ ಜಾಲರಿ ಕಟ್ಟಿ, ದಿನಾ ನಾಲ್ಕಕ್ಕೆ ನಲ್ಲಿ ತಿರುಗಿಸತೊಡಗಿದರು. ವಾರಕ್ಕೆರಡು ಸಲ ಬರುವ ಹೇಮಾವತಿ ನೀರಿನಲ್ಲಿ ಕಾಡಿನ ಪಾಲು ತೆಗೆದಿಟ್ಟು, ಮಿಕ್ಕಿದರೆ ತಾವು ಸ್ನಾನ ಮಾಡುತ್ತಿದ್ದರು.

ಆದರೆ ಮರೆವಿನ ಕಾಯಿಲೆಯಲ್ಲಿದ್ದ ಅತ್ತೆ ಹೋದ ವರ್ಷ ಹಾಸಿಗೆಯನ್ನೇ ಹಿಡಿದರು. ಯಾರ ಗುರುತೂ ಇಲ್ಲ, ಮಾತೂ ಇಲ್ಲ. ಅವರ ಕೋಣೆಯ ಕಿಟಕಿ ಕಾಡಿನ ಕಡೆಗೇ. ಹಾವು ಬಂದರೆ? ಸೊಳ್ಳೆ ಕಚ್ಚಿದರೆ? ಮನೆಮಂದಿಯೆಲ್ಲ ಸೇರಿ ತೀರ್ಮಾನ ಮಾಡಿ ನನ್ನನ್ನು ಕಳಿಸಿದರು. ಭಾನುವಾರ ಜೆಸಿಬಿ ತಂದು ನಿಲ್ಲಿಸಿದೆ. ಮಾವ ಜಗಳವಾಡುತ್ತಾರೆಂದು ಮಾತು ಸಿದ್ಧ ಮಾಡಿಕೊಂಡಿದ್ದೆ.

"ನಾಕ್ ಗಂಟೆವರ್ಗೂ ತಡಿಲಾ. ಆಮೇಲೆ ನಿನ್ನಿಷ್ಟ" ಎಂದರು, ಅಷ್ಟೇ.

ನಾನು ಅತ್ತೆಯ ಮಂಚದ ಪಕ್ಕ ಕುಳಿತೆ. ನಾಲ್ಕಾಯಿತು. ಹೊರಗೆ ಅತ್ತಿ ಎಲೆಗಳ ಮೇಲೆ ಪಟಪಟ ಹನಿ ಬಿತ್ತು. ಕಪ್ಪೆ ಒದರಿತು. ಕೊಳೆತೆಲೆ ನೆಂದ ಮಣ್ಣಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಅತ್ತೆ ಕಣ್ಣು ಬಿಟ್ಟರು. ನನ್ನನ್ನೇ ನೋಡಿದರು.

"ಮಳೆ ಬಂತು ಮಾರಾಯ. ಕೊಡೆ ತಗೊಂಡು ಹೋಗು, ನೆಂದ್ರೆ ನಿಮ್ಮಮ್ಮ ಬೈತಾಳೆ."

ಬಾಗಿಲಲ್ಲಿ ಮಾವ ಒದ್ದೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು.

"ದಿನಾ ಒಂದ್ ಹತ್ ನಿಮಿಷ ಬರ್ತಾಳೆ ಕಣೋ" ಎಂದರು ಮೆಲ್ಲಗೆ.

ಅತ್ತೆಗೆ ಮರೆವು ಶುರುವಾದ ವರ್ಷವೇ ಮಾವ ಮೊದಲ ಗಿಡ ನೆಟ್ಟದ್ದೆಂಬುದು ಆಗ ನನಗೆ ಹೊಳೆಯಿತು. ಇಷ್ಟು ವರ್ಷ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಮೊಳೆಗೆ ನೇತುಹಾಕಿದ್ದ ಕೊಡೆ ತೆಗೆದುಕೊಂಡು ಹೊರಗೆ ಬಂದೆ. ಬೀದಿಯಲ್ಲಿ ಸುಡುಬಿಸಿಲು. ಜೆಸಿಬಿಯವನಿಗೆ ವಾಪಸ್ ಹೋಗಲು ಹೇಳಿದೆ. ಅವನು ನಕ್ಕ, ಎದುರುಮನೆಯವರೂ ನಕ್ಕರು. ಮರಗಳ ಸಂದಿಯಿಂದ ಅತ್ತೆಯ ಕಿಟಕಿಗೆ ಕಾಣುವಷ್ಟು ದೂರವೂ ನಾನು ಕೊಡೆ ಬಿಚ್ಚಿ ಹಿಡಿದೇ ನಡೆದೆ.